ಚನ್ನರಾಯಪಟ್ಟಣದಿಂದ ಕೆಂಪು ಗುರುತಿನವರೆಗೆ, ಕುದುರೆ ಮೇಲೆ

ಚನ್ನರಾಯಪಟ್ಟಣ ಬಿಟ್ಟಾಗ ಮಂಗಳವಾರ ಬೆಳಿಗ್ಗೆ ಆರು ಗಂಟೆ. ಮಾರ್ಗಶಿರದ ಚಳಿ. ಬಸ್ ಸ್ಟ್ಯಾಂಡಿನ ಎದುರು ತೆಂಗಿನಕಾಯಿ ಗಾಡಿಗಳು ಆಗಲೇ ಬಂದು ನಿಂತಿದ್ದವು. ನನ್ನ ಜೊತೆ ಇದ್ದದ್ದು ಚಾಂದಿ ಎಂಬ ನನ್ನ ಹೆಣ್ಣು ಕುದುರೆ, ನಾಲ್ಕು ಸೇರು ಹುರುಳಿ, ಎರಡು ದಿನಕ್ಕಾಗುವಷ್ಟು ರಾಗಿರೊಟ್ಟಿ, ಒಂದು ಕಂಬಳಿ, ಮೇಣಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು, ಒಂದು ನಕ್ಷೆ. ಗುರುವಾರ ಕತ್ತಲಾಗುವುದರೊಳಗೆ ಆ ಕಟ್ಟನ್ನು ಅರಕಲಗೂಡು ಕಡೆಯ ಒಂದು ಡೇರೆಗೆ ಮುಟ್ಟಿಸಬೇಕಿತ್ತು. ಶುಕ್ರವಾರ ಬೆಳಿಗ್ಗೆ ಆ ಡೇರೆ ಕಿತ್ತು ಇನ್ನೊಂದು ಕಡೆಗೆ ಹೋಗುತ್ತಿತ್ತು. ಅದು ಯಾವ ಊರಿನಲ್ಲೂ ಇರಲಿಲ್ಲ. ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಹಾಕಿದ ಒಂದು ಗುರುತೇ ಅದರ ವಿಳಾಸ.

ನಾನು ಹೊರಟದ್ದು ಊರು ನೋಡುವ ಆಸೆಗಲ್ಲ. ನನ್ನ ಗಂಡ ಹದಿನೆಂಟು ವರ್ಷ ಜಟಕಾ ಹೊಡೆದ. ಅವನು ಹೋದ ಮೇಲೆ ಎರಡು ವರ್ಷ ನಾನು ಹೊಡೆದೆ. ಆಮೇಲೆ ಬಸ್ಸು ಹಳ್ಳಿಹಳ್ಳಿಗೂ ಬಂತು, ಜಟಕಾ ಹತ್ತುವವರು ಇಲ್ಲವಾದರು. ಗಾಡಿ ಮಾರಿದೆ, ಕುದುರೆ ಉಳಿಯಿತು. ಕೆರೆ ಹಿಂದೆ ಇಟ್ಟಿಗೆ ಗೂಡು ಹಾಕಿದವನೊಬ್ಬ ಬಂದು ಚಾಂದಿಯ ಬಾಯಿ ಬಿಡಿಸಿ ಹಲ್ಲು ನೋಡಿದ. ಮಣ್ಣು ಹೊರಿಸಲು ಬೇಕು ಎಂದ. ಗೂಡಿಗೆ ಹೋದ ಕುದುರೆಗಳನ್ನು ನಾನು ನೋಡಿದ್ದೇನೆ, ಎರಡು ಮಳೆಗಾಲ ಕಾಣುವುದಿಲ್ಲ. ಒಂದು ವಾರ ಬಿಟ್ಟು ಬರುವ ಸೋಮವಾರ ಹೇಳುತ್ತೇನೆ ಎಂದು ಕಳಿಸಿದೆ. ಹೇಳುವುದಕ್ಕೆ ನನ್ನ ಹತ್ತಿರ ಬೇರೆ ಮಾತು ಇರಲಿಲ್ಲ. ಹುರುಳಿ ತರುವ ಗತಿ ಇಲ್ಲದವಳು ಕುದುರೆ ಸಾಕಲಾಗದು.

ಆ ಹೊತ್ತಿಗೆ ನಮ್ಮ ಊರಿಗೆ ಕಾಲುವೆ ಅಳೆಯುವವರು ಬಂದಿದ್ದರು. ಹೇಮಾವತಿ ಹೊಳೆಗೆ ಕಟ್ಟೆ ಕಟ್ಟಿದರೆ ನೀರು ಯಾವ ಹೊಲದ ಮೇಲೆ ಹಾಯಬೇಕು ಎಂದು ಅಳೆದು ಗೂಟ ಹೊಡೆಯುವ ಜನ. ಅವರ ಡೇರೆಗಳು ವಾರಕ್ಕೊಂದು ಕಡೆ. ಜೀಪು ಹೋಗದ ಕಡೆ ಕಾಗದದ ಕಟ್ಟು ಒಯ್ದು ತರಲು ಕುದುರೆ ಇರುವವರು ಬೇಕಿತ್ತು. ಇಬ್ಬರು ಜಟಕಾದವರು ಹೋಗಿ ನಕ್ಷೆ ನೋಡಿ, ಇದೇನು ಎರೆಹುಳ ಹರಿದಾಡಿದ ಹಾಗಿದೆ ಎಂದು ಎದ್ದು ಬಂದರು. ನಾನು ಹೋದೆ. ಅಲ್ಲಿದ್ದ ಓವರ್ಸಿಯರು ಹೆಂಗಸರು ಕುದುರೆ ಏರುತ್ತಾರೆಯೇ ಎಂದು ಕೇಳಿದರು. ಇಪ್ಪತ್ತು ವರ್ಷ ಕುದುರೆಯನ್ನು ಕೆರೆಗೆ ಮೈತೊಳೆಯಲು ಕರೆದುಕೊಂಡು ಹೋದವಳು ನಾನೇ, ಅಷ್ಟೂ ದಿನ ನಡೆದೇ ಹೋದೆನೆಂದು ನಿಮಗೆ ಯಾರು ಹೇಳಿದರು ಎಂದೆ. ಸರಿ, ಒಂದು ಸಲ ಮುಟ್ಟಿಸಿ ತೋರಿಸು, ಮುಟ್ಟಿಸಿದರೆ ಕೆಲಸ ನಿನ್ನದು ಎಂದರು.

ಮೂರು ದಿನ ಪಾಠ. ಅವರ ಬಿಡಾರದ ಗೋಡೆಗೆ ನಕ್ಷೆ ಹೊಡೆದಿದ್ದರು. ಕೆಂಪು ಗೆರೆ ಮೋಟಾರು ರಸ್ತೆ, ಚುಕ್ಕೆ ಚುಕ್ಕೆಯದು ಗಾಡಿ ಜಾಡು, ನೀಲಿ ಕೆರೆ, ಒಂದರೊಳಗೊಂದು ಸುತ್ತಿದ ಕಂದು ಗೆರೆ ಗುಡ್ಡ. ಓದು ಬರಬೇಕೆಂದೇನಿಲ್ಲ. ನನಗೆ ಬರುತ್ತಿದ್ದದ್ದು ನನ್ನ ಹೆಸರು ಮತ್ತು ಬಸ್ಸಿನ ಬೋರ್ಡು. ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣು ಕಾಗದದ ಮೇಲೆ ಸರಿಯಾಗಿ ಒಂದು ಮೈಲಿ. ನೆಲದ ಮೇಲೆ ಮೈಲಿ ತಿಳಿಯಲು ಚಾಂದಿಯನ್ನು ಹಾಸನದ ರಸ್ತೆಗೆ ಒಯ್ದು ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ನಡೆಸಿದೆವು. ಅದರ ಬಲ ಮುಂಗಾಲು ಸಾವಿರದ ನೂರು ಸಲ ಬಿದ್ದರೆ ಒಂದು ಮೈಲಿ. ನೂರಕ್ಕೊಂದು ಹುರುಳಿ ಕಾಳನ್ನು ಎಡ ಮಡಿಲಿನಿಂದ ಬಲ ಮಡಿಲಿಗೆ ಹಾಕುತ್ತಾ ಹೋಗು ಎಂದರು. ಹನ್ನೊಂದು ಕಾಳು ಒಂದು ಮೈಲಿ. ಇದು ನನಗೆ ಚೆನ್ನಾಗಿ ಹಿಡಿಸಿತು.

ದೇವಸ್ಥಾನದ ಗುರುತನ್ನೂ ತೋರಿಸಿದರು. ಕಾಗದದ ಮೇಲಂಚಿನಲ್ಲಿ ಇನ್ನೊಂದು ಗುರುತಿತ್ತು. ನೆಟ್ಟಗೆ ನಿಂತ ಒಂದು ಗೆರೆ, ಅದರ ತಲೆ ಬಾಣದ ಹಾಗೆ ಚೂಪು, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಅದೇನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗುಡಿ ಇದ್ದ ಮೇಲೆ ಗರುಡಗಂಬ ಇರುತ್ತದೆ, ಇದು ಅದೇ ಎಂದುಕೊಂಡೆ. ಗರುಡಗಂಬ ನಿಲ್ಲುವುದು ಗುಡಿಯ ಮುಂದೆ. ನಮ್ಮಲ್ಲಿ ಮುಂದೆ ಎಂದರೆ ಮೂಡಲು, ಹೊತ್ತು ಹುಟ್ಟುವ ಕಡೆ. ಹಸೆಗೆ ಕೂರಿಸುವುದು, ಮೊದಲ ಸಾಲು ಬಿತ್ತುವುದು, ಮನೆ ಬಾಗಿಲು ಇಡುವುದು ಎಲ್ಲ ಮೂಡಲಿಗೆ. ಹಾಗಾಗಿ ಕಾಗದದ ಮುಖವೂ ಮೂಡಲಿಗೇ ಎಂಬುದು ನನ್ನ ಲೆಕ್ಕ.

ಮೊದಲ ದಿನ ನಕ್ಷೆ ಬಿಚ್ಚಲಿಲ್ಲ. ಹೊಳೆನರಸೀಪುರಕ್ಕೆ ಇಪ್ಪತ್ತಮೂರು ಮೈಲಿ, ದಾರಿ ಗೊತ್ತಿದ್ದದ್ದೇ. ಬಸ್ಸಿಗೆ ಹನ್ನೆರಡಾಣೆ. ಹೊಸ ಪೈಸೆ ಬಂದು ವರ್ಷಗಳಾಗಿದ್ದರೂ ನಾವು ಆಣೆಯಲ್ಲೇ ಮಾತಾಡುತ್ತಿದ್ದೆವು. ಜೀನು ಇರಲಿಲ್ಲ, ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಬಿಗಿದಿದ್ದೆ. ಸೀರೆಗೆ ಕಚ್ಚೆ ಹಾಕಿದ್ದೆ. ದಾರಿಯಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು. ಒಬ್ಬಳು ಕೂಗಿ ಕೇಳಿದಳು:

“ಏನಕ್ಕಾ, ಕುದ್ರೆ ಏರ್ಕಂಡು ದಂಡಿಗೋಯ್ತಿದ್ದೀಯಾ?”

“ಊಂ ಕಣವ್ವ. ನಿನ್ ಗಂಡ ಅಲ್ಲವ್ನಂತೆ, ಏನಾರ ಹೇಳ್ಬೇಕಾ?” ಎಂದೆ. ಹೊಲವೆಲ್ಲ ನಕ್ಕಿತು.

ಚಾಂದಿಯದು ಒಂದು ಕಾಟ. ಇಪ್ಪತ್ತು ವರ್ಷ ಜಟಕಾ ಹೊಡೆದ ಮನೆಯ ಕುದುರೆ, ಮರದ ಕೆಳಗೆ ಗಂಟು ಇಟ್ಟುಕೊಂಡು ಯಾರಾದರೂ ನಿಂತಿದ್ದರೆ ಸಾಕು, ಬಾಡಿಗೆ ಬಂತೆಂದು ನಿಂತುಬಿಡುತ್ತಿತ್ತು. ಹಾಗೆ ಏಳು ಕಡೆ ನಿಂತಿತು. ಏಳು ಕಡೆಯೂ ಜನ ಹತ್ತಲು ಜಾಗ ಹುಡುಕಿ ಬೈದರು. ಹೊತ್ತು ಮುಳುಗುವಾಗ ಹೊಳೆ ದಾಟಿ ಹೊಳೆನರಸೀಪುರ ಸೇರಿದೆ. ಛತ್ರದ ಹಿಂದಿನ ಅಂಗಳದಲ್ಲಿ ಕುದುರೆ ಕಟ್ಟಲು ಬಿಟ್ಟರು. ಎದುರಿನ ಹೋಟೆಲಿನಲ್ಲಿ ಮುದ್ದೆ, ಅವರೆಕಾಯಿ ಸಾರು. ಸಾರು ಚೆನ್ನಾಗಿತ್ತು, ಮುದ್ದೆ ಹಸಿ.

ಬುಧವಾರ ಬೆಳಿಗ್ಗೆ ಹಳ್ಳಿಮೈಸೂರಿಗೆ ತೆಂಕಲಾಗಿ ಹೋದೆ. ಕ್ಯಾಂಪಿನ ಕಾಗದಗಳು ಅಲ್ಲಿನ ಅಂಚೆಯಲ್ಲಿ ಬಂದು ಬೀಳುತ್ತಿದ್ದವು, ಅವನ್ನೂ ತೆಗೆದುಕೊಳ್ಳಬೇಕಿತ್ತು. ಅಂಚೆಯವರು ಹೆಬ್ಬೆಟ್ಟಿಗೆ ಮಸಿ ತಂದರು. ಹೆಬ್ಬೆಟ್ಟು ನಕ್ಷೆಗೆ ಬೇಕು ಸ್ವಾಮಿ, ಇದಕ್ಕೆ ಸೈ ಹಾಕುತ್ತೇನೆ ಎಂದು ಕೆಂಪಮ್ಮ ಎಂದು ಬರೆದೆ. ಅಲ್ಲಿಂದ ಮುಂದೆ ನನಗೆ ದಾರಿ ಗೊತ್ತಿರಲಿಲ್ಲ.

ಊರುಗಳಲ್ಲಿ ಡೇರೆ ಎಲ್ಲಿದೆ ಎಂದು ಕೇಳಬೇಡ, ಕಾಲುವೆಗೆ ಹೊಲ ಹೋಗುತ್ತದೆಂದು ಜನಕ್ಕೆ ಸಿಟ್ಟಿದೆ, ಬೇಕೆಂದೇ ದಾರಿ ತಪ್ಪಿಸುತ್ತಾರೆ ಎಂದು ಓವರ್ಸಿಯರು ಹೇಳಿದ್ದರು. ನೋಡೋಣ ಎಂದು ಟೀ ಅಂಗಡಿಯಲ್ಲಿ ಕೇಳಿದೆ. ಒಬ್ಬ ಮೂಡಲು ಎಂದ, ಇನ್ನೊಬ್ಬ ತೆಂಕಲು ಎಂದ, ಮೂರನೆಯವನು ಅಂಥವರು ಈ ಸೀಮೆಗೇ ಬಂದಿಲ್ಲ ಎಂದ. ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಸರಿ, ಕಾಗದವನ್ನೇ ನಂಬುವುದು ಎಂದು ಊರಾಚೆ ಆಲದ ಮರದ ಕೆಳಗೆ ನಕ್ಷೆ ಹಾಸಿದೆ. ಹಳ್ಳಿಮೈಸೂರು ಬಲಗಡೆ ಮೂಲೆಯಲ್ಲಿ. ಕೆಂಪು ಗುರುತು ಎಡಗಡೆ, ನೆಟ್ಟಗೆ ಹನ್ನೆರಡು ಗೆಣ್ಣು ದೂರ. ಗರುಡಗಂಬವನ್ನು ಮೂಡಲಿಗೆ ಮಾಡಿದೆ. ಮೂಡಲಿಗೆ ಮುಖ ಮಾಡಿ ಕೂತವಳಿಗೆ ಎಡಗೈ ಬಡಗಲು. ಬಡಗಲಿಗೆ ಒಂದು ಗಾಡಿ ಜಾಡೂ ಇತ್ತು. ಹತ್ತಿದೆ, ಹೊರಟೆ.

ಮೂವತ್ತಮೂರು ಕಾಳಿಗೆ ಕೆರೆ ಬರಬೇಕು ಎಂದಿತ್ತು ಕಾಗದ. ಮೂವತ್ತೈದಕ್ಕೆ ಬಂತು. ನನಗೆ ಬಹಳ ಸಂತೋಷವಾಯಿತು, ಇಳಿದು ಚಾಂದಿಗೆ ನೀರು ಕುಡಿಸಿದೆ. ನಮ್ಮ ಸೀಮೆಯಲ್ಲಿ ಯಾವ ದಿಕ್ಕಿಗೆ ಹೊರಟರೂ ಮೂರು ಮೈಲಿಗೆ ಒಂದು ಕೆರೆ ಸಿಗುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಐದು ಮೈಲಿಗೆ ಬಲಗಡೆ ಗುಡ್ಡ ಇರಬೇಕಿತ್ತು. ಗುಡ್ಡವೇನೋ ಇತ್ತು, ಎಡಗಡೆ. ಬರೆದವರ ಕೈತಪ್ಪು ಎಂದುಕೊಂಡೆ. ನಾನು ತಪ್ಪಿದೆ ಎಂದುಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ಕಾಳು ಹಾಕುತ್ತಾ ಮುಂದೆ ಹೋದೆ.

ತೊಂಬತ್ತೆರಡನೆಯ ಕಾಳಿಗೆ ಎದುರಿಗೆ ಹೊಳೆ ಬಂತು. ಸಣ್ಣ ಹಳ್ಳವಲ್ಲ, ಹೊಳೆ. ಕಾಗದದ ಮೇಲೆ ಹೊಳೆ ಗರುಡಗಂಬದ ಕಡೆಗಿತ್ತು, ನನ್ನ ಬಲಗೈಗೆ ಇರಬೇಕಿತ್ತು. ಇಲ್ಲಿ ಮೂಗಿನ ಮುಂದೆ ಇತ್ತು. ಆಚೆ ದೂರದಲ್ಲಿ ಹಾಸನದ ಕಡೆಗೆ ಹೋಗುವ ರೈಲಿನ ಹೊಗೆ ಕಂಡಿತು. ಆಗ ತಿಳಿಯಿತು, ನಿನ್ನೆ ಸಂಜೆ ದಾಟಿ ಬಂದ ಹೇಮಾವತಿ ದಡಕ್ಕೇ ನಾನು ತಿರುಗಿ ಬಂದಿದ್ದೇನೆ. ಹೊತ್ತು ನಾಲ್ಕು ಗಂಟೆಯ ಮೇಲಾಗಿತ್ತು. ಒಂದು ದಿನ ಹೋಯಿತು. ಮಡಿಲಿನ ಹುರುಳಿಯನ್ನೆಲ್ಲ ಚಾಂದಿಗೆ ಸುರಿದು ಬಂಡೆಯ ಮೇಲೆ ಕೂತೆ. ಇಟ್ಟಿಗೆ ಗೂಡಿನವನ ಮುಖ ನೆನಪಾಯಿತು. ಅವನು ಕುದುರೆಯ ಹಲ್ಲು ನೋಡಿದ ಮೇಲೆ ಬೆರಳನ್ನು ಅದರ ಕೇಸರಕ್ಕೇ ಒರೆಸಿದ್ದ.

ದಡದಿಂದ ಮೇಲೆ ಒಂದು ಒಂಟಿ ಮನೆ, ಅದರ ಮುಂದೆ ಕಣ, ಕಣದಲ್ಲಿ ರಾಗಿ ಮೆದೆ. ಅಲ್ಲಿಗೆ ಹೋದೆ. ಯಜಮಾನ ದ್ಯಾವಯ್ಯ, ಅರವತ್ತು ದಾಟಿದವನು. ಹೆಂಡತಿ ಸಣ್ಣಮ್ಮ. ರಾತ್ರಿ ಕುದುರೆ ಕಟ್ಟಿಕೊಂಡು ಮಲಗಲು ಜಾಗ ಕೇಳಿದೆ. ಯಾವ ಊರು, ಯಾವ ಕೇರಿ ಎಂದು ಸಣ್ಣಮ್ಮ ಕೇಳಿದಳು. ಹೇಳಿದೆ. ನೀರನ್ನು ಮೇಲಿನಿಂದ ನನ್ನ ಬೊಗಸೆಗೆ ಹುಯ್ದಳು. ಕುಡಿದೆ. ಬಾಯಾರಿದವಳು ಅದನ್ನೆಲ್ಲ ಎಣಿಸುತ್ತಾ ಕೂರಲಾಗದು, ಆದರೆ ಮರೆತೂ ಇಲ್ಲ.

ಕುದುರೆಯನ್ನು ಕೊಟ್ಟಿಗೆಯ ಪಕ್ಕದ ಗೂಟಕ್ಕೆ ಕಟ್ಟು ಎಂದ ದ್ಯಾವಯ್ಯ. ಕಟ್ಟಲು ಬಗ್ಗಿದಾಗ ನೋಡಿದೆ. ಗೂಟದ ತಲೆಗೆ ಕೆಂಪು ಬಣ್ಣ, ಮೈಮೇಲೆ ನಂಬರು. ಅಂಥವೇ ಇನ್ನೆರಡು ಪಕ್ಕದಲ್ಲಿದ್ದವು, ಒಂದಕ್ಕೆ ಕರು, ಒಂದಕ್ಕೆ ಎಮ್ಮೆ. ಚನ್ನರಾಯಪಟ್ಟಣದ ಬಿಡಾರದಲ್ಲಿ ಇಂಥ ಗೂಟ ರಾಶಿ ಬಿದ್ದಿದ್ದವು. ಕಾಲುವೆಯ ಸಾಲಿನಲ್ಲಿ ಹೊಡೆದದ್ದನ್ನು ಕಿತ್ತು ತಂದು ದನ ಕಟ್ಟಿಕೊಂಡಿದ್ದಾನೆ. ತಲೆ ಎತ್ತಿದರೆ ದ್ಯಾವಯ್ಯ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ನನ್ನ ಹೆಗಲ ಮೇಣಬಟ್ಟೆ ಕಟ್ಟಿನ ಮೇಲೂ ಬಿತ್ತು.

“ನೀನು ಅಳೆಯೋರ ಕಡೆಯವಳಾ?” ಎಂದ.

“ಅವ್ರ ಗಂಟು ಹೊರೋಳು. ಅಳೆಯೋಕೆ ನಂಗ್ ಬರಲ್ಲ.”

ಸಣ್ಣಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: “ಆ ಗಂಟ ಇತ್ಲಾಗ್ ಕೊಡು. ಒಲೆಗಾಕ್ತೀನಿ. ನಮ್ ಕಣದ್ ಮೇಲೆ ನೀರು ಬಿಡ್ತಾರಂತೆ, ನೀರು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನೂ ಸುತ್ತಿ ಬಳಸಿ ಮಾತಾಡಲಿಲ್ಲ. ಈ ಗಂಟು ಸುಟ್ಟರೆ ಇನ್ನೊಂದು ಬರೆಯುತ್ತಾರೆ, ಅವರ ಹತ್ತಿರ ಕಾಗದಕ್ಕೆ ಬರವಿಲ್ಲ, ಹೋಗುವುದು ನನ್ನ ಕುದುರೆ ಎಂದೆ. ಜಟಕಾ ಹೋದದ್ದು, ಇಟ್ಟಿಗೆ ಗೂಡು, ಸೋಮವಾರ, ನಾಳೆ ಸಂಜೆಯ ಗಡುವು ಎಲ್ಲ ಹೇಳಿದೆ. ದಾರಿ ತಪ್ಪಿದ್ದನ್ನೂ ಹೇಳಿದೆ. ದ್ಯಾವಯ್ಯ ಎದ್ದು ಹೋಗಿ ಚಾಂದಿಯ ಗೊರಸು ಒಂದೊಂದಾಗಿ ಎತ್ತಿ ನೋಡಿದ. ಮುಂದಿನ ಎಡಗಾಲಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು, ಅದನ್ನು ತೆಗೆದ. ಸಣ್ಣಮ್ಮ ಆಮೇಲೆ ಗಂಟಿನ ಮಾತು ಎತ್ತಲಿಲ್ಲ. ಮುದ್ದೆ ಇಟ್ಟಳು. ಗಂಟನ್ನು ತಲೆಯಡಿ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಮಲಗಿದೆ.

ಗುರುವಾರ ಬೆಳಿಗ್ಗೆ ಇಬ್ಬನಿ ಬಿದ್ದು ನೆಲವೆಲ್ಲ ಒದ್ದೆ. ಅಂಗಳದಲ್ಲಿ ನಕ್ಷೆ ಬಿಚ್ಚಲು ಹೋದೆ.

“ನೆಲದ್ ಮೇಲೆ ಆಸ್ಬೇಡ, ನೆನೀತದೆ. ಜಗಲಿ ಮೇಲ್ಕೆ ಬಾ,” ಎಂದ ದ್ಯಾವಯ್ಯ.

ಸಣ್ಣಮ್ಮ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ. ನಾನು ಹತ್ತಿದೆ.

ನಮ್ಮ ಜಾಗ ಇದರಲ್ಲಿ ಎಲ್ಲಿದೆ ತೋರಿಸು ಎಂದ. ನಾನು ಮತ್ತೆ ಗರುಡಗಂಬವನ್ನು ಮೂಡಲಿಗೆ ಮಾಡಿ ಹಾಸಿ ಹುಡುಕಿದೆ, ಸಿಗಲಿಲ್ಲ. ಅವನು ನೀಲಿ ಗೆರೆ ಯಾವುದೆಂದು ಕೇಳಿದ. ಹೊಳೆ ಎಂದೆ. ಅದರ ಮೇಲೆ ಬೆರಳಿಟ್ಟು ನಿಧಾನಕ್ಕೆ ಹೋಗಿ ಒಂದು ಕಡೆ ನಿಂತ. ಅಲ್ಲಿ ಹೊಳೆ ಕುಡುಗೋಲಿನ ಹಾಗೆ ಬಾಗಿ ನಡುವೆ ಒಂದು ದಿಣ್ಣೆಯನ್ನು ಬಿಟ್ಟಿತ್ತು.

“ಇದು ನಮ್ ನಡುಗಡ್ಡೆ ಅಲ್ವಾ? ನಾನು ಸಣ್ಣೋನಾಗಿದ್ದಾಗ್ಲಿಂದ ಎಮ್ಮೆ ಈಜಿಸಿರದು ಅಲ್ಲೇಯ.” ತಲೆ ಎತ್ತಿ ಎದುರಿನ ಹೊಳೆ ನೋಡಿದ, ಮತ್ತೆ ಕಾಗದ ನೋಡಿದ. “ಹೊಳೆ ಬಡಗ್ಲಾಗೈತೆ. ನೀನು ಯಾಕೆ ಮೂಡ್ಲಿಗಿಟ್ಟಿದ್ದೀಯ? ಹೊಳೇನ ತಿರುಗ್ಸಕ್ಕಾಯ್ತದಾ? ಕಾಗ್ದ ತಿರುಗ್ಸು.”

ಎರಡು ಕೈಯಲ್ಲೂ ಹಿಡಿದು ಕಾಗದವನ್ನು ಅವನೇ ತಿರುಗಿಸಿದ. ಕಾಗದದ ಹೊಳೆ ನಿಜವಾದ ಹೊಳೆಯ ಪಕ್ಕಕ್ಕೆ ಬಂದು ಹಾಸಿಕೊಂಡಿತು. ನಡುಗಡ್ಡೆಯ ಎದುರು ನಡುಗಡ್ಡೆ. ನಾನು ನಿನ್ನೆ ಎಡಗಡೆ ಕಂಡ ಗುಡ್ಡ ಅಲ್ಲೇ ಕಂದು ಸುತ್ತಿನಲ್ಲಿ ಕೂತಿತ್ತು. ಬರೆದವರ ಕೈ ಎಲ್ಲೂ ತಪ್ಪಿರಲಿಲ್ಲ. ಕೆಂಪು ಗುರುತು ಈಗ ಪಡುವಲಿಗೆ ಇತ್ತು, ಸ್ವಲ್ಪ ತೆಂಕಲಿಗೆ. ಗರುಡಗಂಬ ಬಡಗಲಿಗೆ ನಿಂತಿತ್ತು. ಆಮೇಲೆ ಅದು ಗರುಡಗಂಬವೇ ಅಲ್ಲ ಎಂದು ನನಗೆ ಅರ್ಥವಾಯಿತು. ಮೂರು ದಿನ ಪಾಠ ಹೇಳಿದವರಿಗೆ ಇದು ಹೇಳಬೇಕಾದ ಮಾತು ಅನ್ನಿಸಿರಲಿಲ್ಲ. ನನಗೆ ಕೇಳಬೇಕು ಅನ್ನಿಸಿರಲಿಲ್ಲ.

ಹೊಳೆಯ ಪಕ್ಕದಲ್ಲಿ ಪೆನ್ಸಿಲಿನ ಒಂದು ಗೆರೆ ಹೋಗಿತ್ತು, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆ. ದ್ಯಾವಯ್ಯ ಅದು ಏನೆಂದು ಕೇಳಲಿಲ್ಲ. ಬೆರಳಿಟ್ಟು ಕಣದ ಕಡೆ ನೋಡಿದ. ಗೆರೆ ಮೆದೆಯ ಬುಡದಲ್ಲೇ ಹಾದಿತ್ತು. ಅವನ ಅಪ್ಪ ಸಗಣಿ ಹಾಕಿ ಗಟ್ಟಿ ಮಾಡಿದ ಕಣ ಅದು ಎಂದು ಸಣ್ಣಮ್ಮ ಹೇಳಿದಳು. ದ್ಯಾವಯ್ಯನಿಗೆ ಬೇಕಾಗಿದ್ದರೆ ಕಾಗದವನ್ನು ನಾನು ಹಿಡಿದ ಹಾಗೆಯೇ ಬಿಡಬಹುದಿತ್ತು. ಹೊಳೆಯ ದಡ ಹಿಡಿದು ಎಲ್ಲಾದರೂ ಹೋಗಿ ಬೀಳುತ್ತಿದ್ದೆ.

ಅವನು ಎದ್ದು ಪಡುವಲ ಜಾಡು ತೋರಿಸಿದ. ನಾಲ್ಕು ಮೈಲಿಗೆ ಜೋಡಿ ಬೇವಿನ ಮರ, ಅಲ್ಲಿಂದ ತೆಂಕಲಿಗೆ ತಿರುಗು ಎಂದ. ಕಾಗದ ನೋಡಿದೆ, ನಾಲ್ಕನೆಯ ಗೆಣ್ಣಿಗೆ ಚುಕ್ಕೆ ಜಾಡು ತೆಂಕಲಿಗೆ ತಿರುಗಿತ್ತು. ಗೂಟದಿಂದ ಚಾಂದಿಯನ್ನು ಬಿಚ್ಚಿದೆ. ಗೂಟದ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ.

ಆ ದಿನ ಹದಿನಾಲ್ಕು ಮೈಲಿ ಹೋದೆ. ಮೈಲಿಗೊಂದು ಸಲ ಇಳಿದು, ಕಾಗದ ಹಾಸಿ, ಎದುರಿಗೆ ಕಂಡ ಕೆರೆಯೋ ಗುಡ್ಡವೋ ಕಾಗದದ ಕೆರೆ ಗುಡ್ಡಕ್ಕೆ ಸರಿ ಕೂರುವ ತನಕ ತಿರುಗಿಸಿದೆ. ಒಂದು ಸಲ ಸರಿ ಕೂತ ಮೇಲೆ ಮುಂದೆ ಬರುವುದೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಈ ತಿಟ್ಟು ಹತ್ತಿದರೆ ಕೆಳಗೆ ಗುಡಿ ಇರುತ್ತದೆ ಎಂದುಕೊಂಡು ಹತ್ತಿದರೆ ಗುಡಿ ಇತ್ತು. ಯಾರನ್ನೂ ಕೇಳದೆ, ಎಂದೂ ನೋಡದ ನೆಲದ ಮೇಲೆ ಹಾಗೆ ಹೋಗುವುದು ನನಗೆ ಹೊಸದು. ಅಡುಗೆ ಮನೆ, ಕೆರೆ, ಸಂತೆ ಬಿಟ್ಟರೆ ಬೇರೆ ದಾರಿ ಹಿಡಿದಾಗಲೆಲ್ಲ ಯಾರಾದರೊಬ್ಬರು ನನ್ನ ಮುಂದೆ ನಡೆಯುತ್ತಿದ್ದರು. ಅಂದು ಮುಂದೆ ಯಾರೂ ಇರಲಿಲ್ಲ. ಚಾಂದಿ ಕೂಡ ಎಲ್ಲೂ ನಿಲ್ಲಲಿಲ್ಲ. ನಿಲ್ಲಲು ಆ ದಾರಿಯಲ್ಲಿ ಜನವೇ ಇರಲಿಲ್ಲ.

ಸೂರ್ಯ ಮುಳುಗಿ ಬೆಳಕು ಇನ್ನೂ ಇದ್ದಾಗ ಹೊಂಗೆ ತೋಪಿನಲ್ಲಿ ಮೂರು ಡೇರೆ ಕಂಡವು. ಸಾಮಾನು ಆಗಲೇ ಅರ್ಧ ಕಟ್ಟಿದ್ದರು. ಸ್ವೆಟರು ಹಾಕಿದ್ದ ಇಂಜಿನಿಯರು ಹೊರಗೆ ಬಂದು ಗಂಟು ಬಿಚ್ಚಿ ಎಣಿಸಿದರು, ಎಲ್ಲ ಸರಿ ಇತ್ತು. ಟೀ ಕೊಡಿಸಿದರು. ಆಮೇಲೆ ಕೇಳಿದರು, ಹಳ್ಳಿಮೈಸೂರಿನಿಂದ ಇಲ್ಲಿಗೆ ಹನ್ನೆರಡು ಮೈಲಿ, ನಿನ್ನೆ ಬೆಳಿಗ್ಗೆಯೇ ಟಪಾಲು ತೆಗೆದುಕೊಂಡಿದ್ದೀರಿ, ಎರಡು ದಿನ ಯಾಕಾಯಿತು?

ಕುದುರೆ ಕುಂಟಿತು ಎನ್ನಬಹುದಿತ್ತು. ಕುಂಟುವ ಕುದುರೆಗೆ ಯಾರು ಕೆಲಸ ಕೊಡುತ್ತಾರೆ. ಹೊಳೆಯ ಕಡೆ ಹೋಗಿದ್ದೆ ಎಂದೆ. ಅವರ ಮುಖ ಬದಲಾಯಿತು. ನಕ್ಷೆ ಹಾಸಿ ಪೆನ್ಸಿಲ್ ಗೆರೆಯ ಮೇಲೆ ತಟ್ಟಿದರು.

“ಇಲ್ಲಿ ನಮ್ಮ ಮೂರು ಗೂಟ ಕಾಣೆಯಾಗಿವೆ. ಇದು ಎರಡನೇ ಸಲ. ನೀವು ಯಾವ ದಾರಿಯಲ್ಲಿ ಹೋದಿರಿ, ಎಲ್ಲಿ ತಂಗಿದಿರಿ, ಇದರ ಮೇಲೆ ತೋರಿಸಿ ನೋಡೋಣ.”

ಬೆರಳಿಟ್ಟರೆ ಆ ಮನೆ ಸಿಕ್ಕಿಬೀಳುತ್ತಿತ್ತು. ಬೆರಳಿಡಲು ಬರುವುದಿಲ್ಲ ಎಂದರೆ ನಕ್ಷೆ ಓದಲು ಬರುವುದಿಲ್ಲ ಎಂದ ಹಾಗೆ. ಚಾಂದಿ ಆಚೆ ನಿಂತು ಹುಲ್ಲು ಅಗಿಯುವುದು ಕೇಳುತ್ತಿತ್ತು. ಟೀ ಲೋಟ ಕೆಳಗಿಟ್ಟೆ.

“ತೋರ್ಸಕ್ಕಾಗಲ್ಲ ಸಾ. ನಿನ್ನೆ ಎಲ್ಲಾ ಕಾಗ್ದಾನ ತಪ್ಪು ಹಿಡ್ಕಂಡಿದ್ದೆ. ಈ ಬಾಣಾನ ಗರುಡಗಂಬ ಅಂತ ಮೂಡ್ಲಿಗಿಟ್ಕಂಡು ಹೋದೆ. ಎಲ್ಲಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ. ಸರಿಯಾಗಿ ಹಿಡಿದಿದ್ದು ಇವತ್ತು ಬೆಳಗ್ಗೆಯಿಂದ.”

ಅವರು ಬಾಣವನ್ನು ನೋಡಿದರು, ನನ್ನನ್ನು ನೋಡಿದರು. ಗೂಟವನ್ನಾದರೂ ನೋಡಿದಿರಾ ಎಂದು ಕೇಳಿದರು.

“ದನ ಕಟ್ಟೋರ್ ಮನೇಲೆಲ್ಲಾ ಗೂಟ ಇರ್ತವೆ ಸಾ,” ಎಂದೆ.

ಅವರು ನಕ್ಷೆ ಮಡಚಿದರು. ಹೋಗಿ ಮಲಗಿ ಎಂದರು. ಕೆಲಸದ ಮಾತು ಎತ್ತಲಿಲ್ಲ. ಅಡುಗೆಯವನು ಅನ್ನ ಸಾರು ಕೊಟ್ಟ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಡೇರೆ ಕೀಳುವಾಗ ನನ್ನನ್ನು ಕರೆದರು. ತೋಪಿನ ಹಿಂದಿನ ತಿಟ್ಟಿಗೆ ಕರೆದುಕೊಂಡು ಹೋಗಿ ಬೇರೆ ಒಂದು ಕಾಗದ ಕೊಟ್ಟರು. ನಾನು ಎಂದೂ ನೋಡದ ಕಾಗದ. ಬಾಣ ಇದ್ದ ಅಂಚನ್ನು ಹಿಂದಕ್ಕೆ ಮಡಚಿ ಮುಚ್ಚಿದ್ದರು. ನಾವು ಎಲ್ಲಿದ್ದೇವೆ ಎಂದರು. ನಾನು ಕೂತು ಸುತ್ತ ನೋಡಿದೆ. ಒಂದು ಉದ್ದ ಕೆರೆ, ಅದರ ಏರಿಯ ಕೊನೆಗೆ ಗುಡಿ, ಆ ಕಡೆ ಬೋಳು ಗುಡ್ಡ. ಕಾಗದವನ್ನು ತಿರುಗಿಸಿದೆ, ಇನ್ನೂ ತಿರುಗಿಸಿದೆ. ಕೆರೆ ಕೆರೆಯ ಕಡೆಗೆ ಬಂತು, ಗುಡ್ಡ ಗುಡ್ಡದ ಕಡೆಗೆ ಬಂತು. ಬೆರಳಿಟ್ಟೆ.

ಅವರು ಮಡಚಿದ ಅಂಚು ಬಿಚ್ಚಿದರು. ಬಾಣ ಬಡಗಲಿಗೆ ಇತ್ತು. ಜೇಬಿನಿಂದ ಪೆನ್ಸಿಲು ತೆಗೆದು ಬಾಣದ ಪಕ್ಕದಲ್ಲಿ ಕನ್ನಡದಲ್ಲಿ ಏನೋ ಬರೆದರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ಬಡಗಲು. “ಇದನ್ನು ಮೊದಲೇ ಬರೆಯಬೇಕಿತ್ತು. ತಪ್ಪು ನಮ್ಮದು,” ಎಂದರು. ಚನ್ನರಾಯಪಟ್ಟಣಕ್ಕೆ ಒಯ್ಯುವ ಗಂಟು ಕೊಟ್ಟು, ಮುಂದಿನ ಮಂಗಳವಾರದ ಕೆಂಪು ಗುರುತನ್ನು ಆ ಕಾಗದದ ಮೇಲೇ ಹಾಕಿದರು. ಗೂಟದ ವಿಷಯ ಮತ್ತೆ ಕೇಳಲಿಲ್ಲ. ಹೊಳೆಯ ಕಡೆಗೆ ಮತ್ತೆ ಅಳೆಯಲು ಇನ್ನೊಂದು ವಾರ ಬಿಟ್ಟು ಬರುತ್ತೇವೆ ಎಂದಷ್ಟೇ ಹೇಳಿದರು. ಅದನ್ನು ನನಗೆ ಯಾಕೆ ಹೇಳಿದರೋ, ಅವರಿಗೇ ಗೊತ್ತು.

ವಾಪಸು ಬರುವಾಗ ಹಳ್ಳಿಮೈಸೂರಿಗೆ ಹೋಗಬೇಕಾದ ಕೆಲಸವಿರಲಿಲ್ಲ. ಹೊಳೆಯ ದಡದ ಜಾಡೇ ಹೊಳೆನರಸೀಪುರಕ್ಕೆ ಹತ್ತಿರ. ಜೋಡಿ ಬೇವಿನ ಮರ ದಾಟಿ ದ್ಯಾವಯ್ಯನ ಮನೆ ಮುಂದೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕೊಟ್ಟಿಗೆ ಪಕ್ಕದಲ್ಲಿ ಕೆಂಪು ಗೂಟ ಇರಲಿಲ್ಲ, ಮೂರು ಗುಳಿ ಇದ್ದವು. ಕರುವನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದ. ಗೂಟಗಳು ಹೊರಗೆ ನೆಲದಲ್ಲಿ ಸಾಲಾಗಿ ನಿಂತಿದ್ದವು.

“ನಿನ್ನ ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು,” ಎಂದ ದ್ಯಾವಯ್ಯ ಮೆದೆಯ ಮೇಲಿನಿಂದ. “ನೀನು ಹೇಳಿದ್ರೂ ಸುಳ್ಳಾಗ್ಲಿ, ಹೇಳ್ದೆ ಇದ್ರೂ ನಿಂಗೆ ಬೈಗುಳ ಬರ್ದೆ ಇರ್ಲಿ ಅಂತ ನೆಟ್ಬುಟ್ಟೆ.”

ಇಳಿದು ಮೊದಲಿನ ನಕ್ಷೆಯನ್ನೇ ಹಾಸಿದೆ. ಹೊಳೆಗೆ ಹೊಳೆ ಕೂಡಿಸಿ, ಪೆನ್ಸಿಲ್ ಗೆರೆಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಗೆರೆ ಮೆದೆಯ ಬುಡದಲ್ಲೇ ಇತ್ತು. ಗೂಟಗಳು ಕಣ ಬಿಟ್ಟು ಹೊಳೆಯ ಕಡೆಗೆ ಇಪ್ಪತ್ತು ಹೆಜ್ಜೆ ಆಚೆ, ಯಾರದೂ ಅಲ್ಲದ ಜೊಂಡಿನ ನೆಲದಲ್ಲಿ ನಿಂತಿದ್ದವು. ಸಾಲು ಮಾತ್ರ ಬಿಟ್ಟ ಬಾಣದ ಹಾಗೆ ನೇರ. ರೈತ ಸಾಲು ತಪ್ಪುವುದಿಲ್ಲ.

“ಸರಿಯಾಗೈತಾ?” ಎಂದ.

ಅಳೆಯುವವರು ಬಂದಾಗ ಅಳೆದುಕೊಳ್ಳುತ್ತಾರೆ. ನನಗೆ ಕೊಟ್ಟ ಕೆಲಸ ಗಂಟು ಹೊರುವುದು. “ಕಾಗ್ದ ಸರಿಯಾಗೈತೆ,” ಎಂದು ಮಡಚಿದೆ.

ಸಣ್ಣಮ್ಮ ನೀರು ತಂದಳು. ನಾನು ಬೊಗಸೆ ಹಿಡಿದೆ. ಅವಳು ಸ್ವಲ್ಪ ತಡೆದು ಚೊಂಬನ್ನೇ ಕೈಗೆ ಕೊಟ್ಟಳು. ಒಂದು ಬಟ್ಟೆಯಲ್ಲಿ ಹುರುಳಿ ಕಟ್ಟಿಟ್ಟಿದ್ದಳು, ಕುದುರೆಗೆ ಎಂದಳು. ಅದರಲ್ಲಿ ಹನ್ನೊಂದು ಕಾಳು ಎಣಿಸಿ ಎಡ ಮಡಿಲಿಗೆ ಹಾಕಿಕೊಂಡೆ, ಮಿಕ್ಕದ್ದನ್ನು ಚಾಂದಿಯ ಬಾಯಿಗೆ ಹಿಡಿದೆ.

ಮೊದಲ ಮೈಲಿ ಮುಗಿಯುವ ತಿಟ್ಟಿನ ಮೇಲೆ ನಿಂತು ಹಿಂದೆ ನೋಡಿದೆ. ಮೆದೆ ಇದ್ದಲ್ಲೇ ಇತ್ತು. ಜೊಂಡಿನ ನಡುವೆ ಮೂರು ಕೆಂಪು ತಲೆಗಳು ಬಿಸಿಲಿಗೆ ಕಾಣುತ್ತಿದ್ದವು. ಸೋಮವಾರ ಇಟ್ಟಿಗೆ ಗೂಡಿನವನು ಬಂದಾಗ ನಾನು ಅಂಗಳದಲ್ಲಿ ಮಂಗಳವಾರದ ಕಾಗದ ಹಾಸಿಕೊಂಡು ಕೂತಿದ್ದೆ. ನೆರಳು ಬೀಳುತ್ತದೆ, ಸ್ವಲ್ಪ ತೆಂಕಲಿಗೆ ಸರಿದು ನಿಲ್ಲಪ್ಪ ಎಂದೆ.